ಹೊಂಗೆ ಮರದಡಿ ಕೂತವರ ಲಕ್ಷಣ ಮತ್ತು ಪ್ರಭೇದ

ಪಿ.ಟಿ. ಪೀರಿಯಡಿನಲ್ಲಿ ಆಡುವವರಿಗೆ ಶಾಸ್ತ್ರ ಬೇಕಾಗಿಲ್ಲ. ಅವರು ಆಡುತ್ತಾರೆ, ಬೀಳುತ್ತಾರೆ, ಮಂಡಿ ತರಚಿಕೊಂಡು ಟಿಂಚರು ಕೇಳಲು ಆಫೀಸು ರೂಮಿಗೆ ಬರುತ್ತಾರೆ. ಶಾಸ್ತ್ರಕ್ಕೆ ವಸ್ತುವಾಗತಕ್ಕವರು ಕೂತವರು. ಹೈಸ್ಕೂಲೊಂದರ ಗುಮಾಸ್ತನಾಗಿ ಹದಿನೆಂಟು ವರ್ಷ ನಾನು ಕೂತ ಕುರ್ಚಿಯ ಎದುರಿಗೆ ಕಿಟಕಿ, ಅದರಾಚೆ ಮೈದಾನ, ಮೈದಾನದ ಅಂಚಿಗೊಂದು ಹೊಂಗೆ ಮರ. ಸಂಬಳದ ಬಿಲ್ಲು ಬರೆಯುತ್ತ ಬರೆಯುತ್ತಲೇ ಈ ಪ್ರಬಂಧಕ್ಕೆ ಸಾಮಗ್ರಿ ಕೂಡಿತು. ಕೂತವನೊಬ್ಬ ಕೂತವರನ್ನು ವರ್ಗೀಕರಿಸುವುದು ಉಚಿತವೇ ಎಂಬುದು ಪೂರ್ವಪಕ್ಷ. ಓಡುವವನಿಗೆ ಪುರಸೊತ್ತೆಲ್ಲಿ ಎಂಬುದು ಸಿದ್ಧಾಂತ.

ಮೊದಲು ಪ್ರಮಾಣ ವಿಚಾರ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದರೆ ವಾರಕ್ಕೆ 420 ನಿಮಿಷ. ನಮ್ಮಲ್ಲಿ ವಾರಕ್ಕೆ ಎರಡು ಪೀರಿಯಡ್ಡು, ತಲಾ 40 ನಿಮಿಷ. ಅದರಲ್ಲಿ ಸಾಲು ನಿಲ್ಲಿಸಲು ಏಳು, ಸ್ಟೋರ್ ರೂಮಿನ ಬೀಗದ ಕೈ ಹುಡುಕಲು ಐದು, ವಾಲಿಬಾಲಿಗೆ ಗಾಳಿ ಹೊಡೆಯಲು ಹತ್ತು ಕಳೆಯಿರಿ. (ಪಂಪು ಯಾವಾಗಲೂ ಇರುತ್ತದೆ, ಅದರ ಸೂಜಿ ಯಾವಾಗಲೂ ಇರುವುದಿಲ್ಲ. ಇದಕ್ಕೆ ಬೇರೆಯೇ ಗ್ರಂಥ ಬೇಕು.) ಇನ್ನು ಲೋಕದ ಸ್ಥಿತಿ: 146 ದೇಶಗಳ 2016ರ ಲೆಕ್ಕ ತೆಗೆದಾಗ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿ ಆ ಅರವತ್ತು ನಿಮಿಷ ಮುಟ್ಟಿರಲಿಲ್ಲ. ಆದ್ದರಿಂದ ಕೂತವರೇ ಸಾಮಾನ್ಯ ಸೂತ್ರ, ಓಡುವವರು ಅಪವಾದ.

ಪ್ರಥಮ ವರ್ಗ ಚೀಟಿಧಾರಿಗಳು. ಇವರ ಲಕ್ಷಣ ಜೇಬಿನಲ್ಲಿ ಆಟದಿಂದ ವಿನಾಯಿತಿ ಕೇಳುವ ನಾಲ್ಕು ಮಡಿಕೆಯ ಕಾಗದ. ತಂದೆ ಬರೆದದ್ದು, ತಂದೆಯಂತೆ ಬರೆದದ್ದು ಎಂದು ಎರಡು ಉಪಜಾತಿ. ಎರಡನೆಯದರಲ್ಲಿ ಅಕ್ಷರ ದುಂಡಗಿರುತ್ತದೆ, ಕಾಗುಣಿತ ಸರಿಯಿರುತ್ತದೆ, ಅದರಿಂದಲೇ ಸಿಕ್ಕಿಬೀಳುತ್ತಾರೆ. ಆದರೆ "ಮಂಡಿನೋವು" ಎಂದು ಬರೆದ ಚೀಟಿಯನ್ನು ಕಂಡು ನಗಬಾರದು. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ಒಂದು ಬಾಧೆಯನ್ನು 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ವಿವರಿಸಿದರು. ಎಲುಬು ದಿಢೀರನೆ ಉದ್ದವಾಗುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಮೊಣಕಾಲೆಲುಬಿನ ಎಳೆ ತುದಿಯನ್ನು ಜಗ್ಗುವುದರಿಂದ ಬರುವಂಥದ್ದು. ಹೆಚ್ಚು ಕಾಡುವುದು ಹೆಚ್ಚು ಓಡಿ ನೆಗೆದವರನ್ನೇ. ಅಂದಮೇಲೆ ಈ ಚೀಟಿಧಾರಿ ಕೂತಿರುವುದು ವಿಪರೀತ ಆಡಿದ್ದಕ್ಕೆ.

ದ್ವಿತೀಯ ವರ್ಗ ಹೊಟ್ಟೆನೋವಿನವರು. ಇಲ್ಲಿ ಶಾಸ್ತ್ರ ಸ್ವಲ್ಪ ನಿಧಾನಿಸಬೇಕು. "ಸರ್, ಹೊಟ್ಟೆನೋವು" ಎಂದು ಒಬ್ಬಳು ಹೇಳಿದರೆ ನಮ್ಮ ಪಿ.ಟಿ. ಮೇಷ್ಟ್ರು ಮುಂದಿನ ಪ್ರಶ್ನೆ ಕೇಳದೆ ಆಕಾಶ ನೋಡುತ್ತಿದ್ದರು. ಶನಿವಾರ ಬಿಳಿ ಯೂನಿಫಾರಂ. ಸಾಲಿಗೆ ಹೋಗುವ ಮೊದಲು ಹುಡುಗಿಯರು ಕಾರಿಡಾರಿನ ಕಂಬದ ಮರೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ, "ಹಿಂದೆ ನೋಡೇ, ಏನಾದ್ರೂ ಆಗಿದ್ಯಾ?" ಎಂದು ಕೇಳಿಕೊಳ್ಳುವುದನ್ನು ನಾನು ಕೇಳಿಯೂ ಕೇಳದವನಂತೆ ಹಾಜರಿ ಪುಸ್ತಕ ತಿರುವಿದ್ದೇನೆ. ಡ್ರಿಲ್ಲಿಗೆ ಬಿಳಿ ಬಟ್ಟೆಯೇ ಆಗಬೇಕೆಂದು ಗೊತ್ತುಮಾಡಿದ ಪುಣ್ಯಾತ್ಮರು ಗಂಡಸರೇ ಇರಬೇಕೆಂಬುದು ನನ್ನ ಅನುಮಾನ ಪ್ರಮಾಣ. ಎಂಟನೇ ತರಗತಿಯಲ್ಲಿ ಗಂಡುಹುಡುಗರನ್ನು ಓಟದಲ್ಲಿ ಹಿಂದೆ ಹಾಕಿದವಳು ಒಂಬತ್ತಕ್ಕೆ ಬರುವಷ್ಟರಲ್ಲಿ ಮರದಡಿ ಸೇರಿರುತ್ತಾಳೆ. ಮೇಲಿನ 81ನ್ನು ಬಿಡಿಸಿದರೆ ಹುಡುಗರು 78, ಹುಡುಗಿಯರು 85. ಇನ್ನೊಂದು ಉಪಜಾತಿ ನಿಜವಾಗಿಯೂ ಸುಸ್ತಾದವರದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ವಾರಕ್ಕೊಂದರಂತೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆ ನನ್ನ ಬೀರುವಿನಲ್ಲೇ ಇರುತ್ತಿತ್ತು. ನುಂಗಿದವರೆಷ್ಟು, ಹೊಂಗೆ ಬುಡಕ್ಕೆ ಅರ್ಪಿಸಿದವರೆಷ್ಟು ಎಂಬುದು ಮರದ ಸೊಂಪು ನೋಡಿದರೆ ಗೊತ್ತಾಗುತ್ತಿತ್ತು.

ತೃತೀಯ ವರ್ಗ ಲೆಕ್ಕ ಚುಕ್ತಾ ಆದವರು. ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ವಿತರಣೆಯ ರಿಜಿಸ್ಟರು ನನ್ನ ಕೈಬರಹದ್ದು. ಆರೇಳು ಕಿಲೋಮೀಟರು ಏರುರಸ್ತೆ ತುಳಿದು, ಅದಕ್ಕೆ ಮುಂಚೆ ನಾಲ್ಕು ಕೊಡ ನೀರು ಹೊತ್ತು, ದನದ ಕೊಟ್ಟಿಗೆ ಬಾಚಿ ಬಂದವರು ಮರದಡಿ ಕೂತರೆ ಅವರನ್ನು ಸೋಮಾರಿ ಎನ್ನುವುದು ಶಾಸ್ತ್ರವಿರೋಧ. ಇವರ ಅರವತ್ತು ನಿಮಿಷ ಪ್ರಾರ್ಥನೆಯ ಗಂಟೆಗೆ ಮೊದಲೇ ಮುಗಿದಿದೆ. ಆದರೂ ಮೇಷ್ಟ್ರ ಪುಸ್ತಕದಲ್ಲಿ ಇವರ ಹೆಸರಿನೆದುರು "ಆಸಕ್ತಿ ಇಲ್ಲ" ಎಂದೇ ಷರಾ.

ಚತುರ್ಥ ವರ್ಗ ಗಣಿತಗ್ರಸ್ತರು. ಇವರು ಮರದಡಿಯೂ ಇಲ್ಲ, ತರಗತಿಯೊಳಗೇ ಕೂತಿರುತ್ತಾರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಓಟಕ್ಕೆ ಒಂದೂ ಇಲ್ಲವಾದ್ದರಿಂದ ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ಡು ದಸರಾ ಕಳೆದ ಮೇಲೆ ಗಣಿತದ ಪಾಲಾಗಿ ಕಾಣೆಯಾಗುತ್ತದೆ. ಆದರೆ ಎಲುಬಿನ ಗಟ್ಟಿತನವೆಂಬ ಜಿ.ಪಿ.ಎಫ್. (ಭವಿಷ್ಯನಿಧಿ) ಓಡಿ ನೆಗೆದು ಕಟ್ಟುವ ಕಾಲ ಮುಖ್ಯವಾಗಿ ಹದಿಹರೆಯವೇ. ಪ್ರಾಯ ಕಳೆದ ಮೇಲೆ ಬರೀ ವಾಪಸಾತಿ. ಗುಮಾಸ್ತನಿಗೆ ತಿಳಿಯುವ ಈ ಲೆಕ್ಕ ಗಣಿತದ ಮೇಷ್ಟ್ರಿಗೆ ತಿಳಿಯದೇ ಹೋದದ್ದು ವಿಚಿತ್ರ.

ಇನ್ನು ಅತಿವ್ಯಾಪ್ತಿ ದೋಷ. ಕೂತವರೆಲ್ಲ ಆಡದವರು ಎನ್ನುವಂತಿಲ್ಲ, ಏಕೆಂದರೆ ಕೊಕ್ಕೋ ಇದೆ. ಅಟ್ಟುವ ತಂಡದ ಒಂಬತ್ತರಲ್ಲಿ ಎಂಟು ಮಂದಿ ಕೂತೇ ಇರುತ್ತಾರೆ, ಒಬ್ಬರು ಈ ಕಡೆ, ಇನ್ನೊಬ್ಬರು ಆ ಕಡೆ ಮುಖಮಾಡಿ. ಆದರೆ ಆ ಕೂರುವಿಕೆ ಬೇರೆ: ಒಂದು ಹಿಮ್ಮಡಿ ಮೇಲೆದ್ದಿರುತ್ತದೆ, ಬೆರಳು ಮಣ್ಣಿಗೆ ತಾಗಿರುತ್ತದೆ, ಕಿವಿ ಬೆನ್ನಿನಲ್ಲಿರುತ್ತದೆ.

ಒಂದು ಶನಿವಾರ ಅಟ್ಟುವ ತಂಡಕ್ಕೆ ಒಬ್ಬಳು ಕಡಿಮೆಯಾದಳು. ಮರದಡಿಯ ಹೊಟ್ಟೆನೋವಿನವಳೊಬ್ಬಳನ್ನು ಕರೆದು, "ಸುಮ್ನೆ ಕೂತಿರಮ್ಮ, ಏಳಬೇಡ, ಲೆಕ್ಕಕ್ಕಷ್ಟೇ" ಎಂದರು ಮೇಷ್ಟ್ರು. ದ್ವಿತೀಯ ವರ್ಗದವಳು ಎದ್ದು ಬಂದು ಸಾಲಿನ ಏಳನೇ ಚೌಕದಲ್ಲಿ ಕೂತಳು. ಎರಡು ನಿಮಿಷಕ್ಕೆ ಯಾರೋ ಮರೆತು ಅವಳ ಬೆನ್ನು ತಟ್ಟಿ "ಕೊ" ಅಂದುಬಿಟ್ಟರು. ಚಪ್ಪಲಿ ಅಲ್ಲೇ ಉಳಿಯಿತು. ಕಂಬ ಸುತ್ತಿ, ತಪ್ಪಿಸಿಕೊಳ್ಳುತ್ತಿದ್ದವಳ ಜಡೆ ಗಾಳಿಗೆ ಹಾರಿದ್ದನ್ನು ಬಿಟ್ಟು ಭುಜವನ್ನೇ ಮುಟ್ಟಿದಳು. ಎಲ್ಲರೂ ಕೂಗಿದರು. ಅವಳು ಲಂಗದ ಹಿಂಭಾಗ ಒಮ್ಮೆ ನೋಡಿಕೊಂಡು, ಚಪ್ಪಲಿ ಎತ್ತಿಕೊಂಡು, ನೇರ ಹೊಂಗೆ ಮರದಡಿ ಹೋಗಿ ಮೊದಲಿನ ಜಾಗದಲ್ಲೇ ಕೂತಳು. ಇವಳಿಗಾಗಿ ನನ್ನ ರಿಜಿಸ್ಟರಿನಲ್ಲಿ ಗೆರೆ ಎಳೆದ ಒಂದು ಪುಟ ಖಾಲಿ ಬಿಟ್ಟಿದ್ದೇನೆ.