ಕರದಂಟಿನೂರಿನ ಕೃಶಾಂಗ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಓಣಿಗೆ ಹೋದರೂ ಸಣ್ಣಗಾಗಲು ಹೊರಟಿರುವ ಒಬ್ಬ ಮಾಮಾ ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ. ಎಂಟೆಕರೆ ಕಬ್ಬು, ಪೇಟೆಯಲ್ಲಿ ಗೊಬ್ಬರದ ಅಂಗಡಿ, ಮನೆ ಮುಂದೆ ಬುಲೆಟ್ಟು, ಅಂಗಿಯ ನಾಲ್ಕನೆಯ ಗುಂಡಿಗೆ ಸದಾ ಓವರ್‌ಟೈಮು. ಹೆಸರು ಹೇಳುವುದಿಲ್ಲ, ಒಬ್ಬರ ಹೆಸರು ಹೇಳಿದರೆ ಉಳಿದ ಮಾಮಾಗಳಿಗೆ ಅನ್ಯಾಯವಾದೀತು.

ಮಾಮಾರ ಸಂಸಾರದ ನಕಾಶೆ ಸರಳವಾಗಿದೆ. ಮನೆ ಗೋಕಾಕದಲ್ಲಿ, ಹೆಂಡತಿಯ ತವರು ಮೂಡಲಗಿ, ಮಗಳನ್ನು ಕೊಟ್ಟಿದ್ದು ಹುಕ್ಕೇರಿಗೆ. ತೂಕ ಇಳಿಯುವುದು ಗೋಕಾಕದಲ್ಲಿ, ಏರುವುದು ಉಳಿದೆರಡು ಊರಲ್ಲಿ ಎಂದು ಅವರು ಆಣೆ ಮಾಡಿ ಹೇಳುತ್ತಾರೆ. ಇಳಿದದ್ದನ್ನು ಕಣ್ಣಾರೆ ಕಂಡವರು ಕಡಿಮೆ, ಏರಿದ್ದಕ್ಕೆ ಮೂರು ತಾಲ್ಲೂಕಿನ ಸಾಕ್ಷಿ ಇದೆ.

ಎಲ್ಲವೂ ಶುರುವಾಗಿದ್ದು ಡಾಕ್ಟರ ಟೇಪಿನಿಂದ. ಮಾಮಾ ಎಷ್ಟೋ ವರ್ಷಗಳಿಂದ ಮೂವತ್ತಾರರ ಪ್ಯಾಂಟು ಹಾಕುವವರು, ಆದ್ದರಿಂದ ತಮ್ಮ ಸೊಂಟವೂ ಮೂವತ್ತಾರೇ ಎಂದು ನಂಬಿದವರು. ಪ್ಯಾಂಟು ಹೊಟ್ಟೆಯ ತಂಟೆಗೇ ಹೋಗದೆ ಅದರ ಕೆಳಗಿನಿಂದ ಹಾದುಹೋಗುತ್ತಿತ್ತೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ. ಡಾಕ್ಟರು ಟೇಪನ್ನು ಹೊಕ್ಕಳಿನ ಮಟ್ಟಕ್ಕೆ ಹಿಡಿದಾಗ 112 ಸೆಂಟಿಮೀಟರ್ ಬಂತು. ಭಾರತದ ಗಂಡಸಿನ ಸೊಂಟ 90 ದಾಟಬಾರದಂತೆ. ತೂಕ 94 ಕಿಲೋ, ಎತ್ತರ ಐದೂವರೆ ಅಡಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಬಿಎಂಐ 33ರ ಮೇಲೆ. ನಮ್ಮವರಿಗೆ 25ಕ್ಕೇ ಬೊಜ್ಜು ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗಂಡಸರ ಪೈಕಿ ನೂರಕ್ಕೆ ಸುಮಾರು 23 ಮಂದಿಗೆ ತೂಕ ಹೆಚ್ಚು ಎಂದು ಬಂದಿದೆ ಅಂತಲೂ ಡಾಕ್ಟರು ಹೇಳಿದರು. ಮಾಮಾ ಕ್ಷಣ ಯೋಚಿಸಿ, “ಉಳಿದ 77 ಮಂದಿ ನಮ್ಮ ಕಡೆ ಬಂದ ಉಂಡಿಲ್ಲ ಬಿಡ್ರಿ” ಅಂದರು.

ಆದರೂ ಹೆದರಿಕೆ ಹೊಕ್ಕಿತು. 75 ಕಿಲೋಕ್ಕೆ ಇಳಿಯುವುದೆಂದು ಗುರಿ ಇಟ್ಟುಕೊಂಡರು. ಮನೆಗೊಂದು ತೂಕದ ಯಂತ್ರ ಬಂತು. ಇಲ್ಲೊಂದು ತೊಡಕಿದೆ: ಕಬ್ಬು ಬೆಳೆಯುವ ಸೀಮೆಯ ಮನುಷ್ಯ ಯಾವ ಕಾಟಾವನ್ನೂ ನಂಬುವುದಿಲ್ಲ. ಫ್ಯಾಕ್ಟರಿಗಳು ಕಾಟಾ ಹೊಡೆಯುತ್ತವೆಂಬ ದೂರು ನಮ್ಮ ರೈತರ ಬಾಯಲ್ಲಿ ಹಳೆಯದು. ಮಾಮಾ ಯಂತ್ರದ ಮೇಲೆ ಒಮ್ಮೆ ಎರಡೂ ಕಾಲಿಟ್ಟು, ಒಮ್ಮೆ ಒಂದೇ ಕಾಲಲ್ಲಿ ನಿಂತು, ಒಮ್ಮೆ ಗೋಡೆಗೆ ಕೈಕೊಟ್ಟು ಪರೀಕ್ಷಿಸಿ ಕೊನೆಗೆ ತೀರ್ಪು ಕೊಟ್ಟರು: “ಕಬ್ಬಿನ ಕಾಟಾ ಕಡಿಮಿ ತೋರಸ್ತೈತಿ, ಮನೀ ಕಾಟಾ ಜಾಸ್ತಿ ತೋರಸ್ತೈತಿ. ರೈತಗ ಎರಡೂ ಕಡೆ ಲುಕ್ಸಾನ.”

ಮೊದಲ ವಾರ ಎರಡು ಕಿಲೋ ಇಳಿದವು. ಊಟ ಕಡಿಮೆಯಾದೊಡನೆ ದೇಹದಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗಿ, ಅದರ ಜೊತೆಗಿದ್ದ ನೀರೂ ಹೊರಗೆ ಹೋಗುತ್ತದೆ; ಮೊದಲು ಇಳಿಯುವುದರಲ್ಲಿ ಬಹುಪಾಲು ಆ ನೀರೇ. ಆದರೆ ಇದನ್ನು ಮಾಮಾರಿಗೆ ಹೇಳುವ ಧೈರ್ಯ ಯಾರಿಗಿದೆ? ಅವರು ಆಗಲೇ ಅಂಗಡಿಗೆ ಬಂದ ಗಿರಾಕಿಗಳಿಗೆ ಯೂರಿಯಾದ ಜೊತೆಗೆ ಉಪದೇಶವನ್ನೂ ಕೊಡತೊಡಗಿದ್ದರು.

ಮುಂಜಾನೆ ಐದೂವರೆಗೆ ಎದ್ದು ಗೋಕಾಕ ಫಾಲ್ಸಿನ ದಾರಿ ಹಿಡಿಯುತ್ತಾರೆ. ಘಟಪ್ರಭೆ ಅಲ್ಲಿ 52 ಮೀಟರ್ ಎತ್ತರದಿಂದ ಒಂದೇ ಏಟಿಗೆ ಇಳಿಯುತ್ತಾಳೆ. ಆ ಇಳಿತ ನೋಡಿದರೆ ತಮಗೂ ಹುರುಪು ಬರುತ್ತದೆ ಎನ್ನುವುದು ಮಾಮಾರ ವಾದ. ಆ ನೀರಿನ ಬಲದ ಮೇಲೆ 1887ರಲ್ಲಿ ನೂಲಿನ ಗಿರಣಿ ನಡೆಯತೊಡಗಿತು. ಮಾಮಾರ ಗಿರಣಿ ಮಾತ್ರ ಮಿರ್ಚಿಯ ಬಲದಿಂದಲೇ ತಿರುಗಬೇಕು. ಅವರಷ್ಟು ತೂಕದವರು ಒಂದು ಕಿಲೋಮೀಟರ್ ನಡೆದರೆ ಹೆಚ್ಚೆಂದರೆ ಎಪ್ಪತ್ತು ಕ್ಯಾಲೊರಿ ಕರಗೀತು. ಫಾಲ್ಸ್ ಮುಟ್ಟುವ ಹೊತ್ತಿಗೆ ನಾನೂರು ಕಳೆದಿರುತ್ತಾರೆ. ಬಿಸಿ ಬಿಸಿ ಮಿರ್ಚಿ, ಒಂದು ಪ್ಲೇಟು ಗಿರ್ಮಿಟ್ಟು, ಮೇಲೊಂದು ಕಟ್ ಚಾ ಆದಾಗ ಅಸಲು ಬಡ್ಡಿ ಎರಡೂ ವಸೂಲು. ನಡೆದು ದಣಿದ ದೇಹಕ್ಕೆ ಬಂದ ಹಾದಿಯನ್ನೇ ಮತ್ತೆ ತುಳಿಯುವ ಶಿಕ್ಷೆ ಬೇಡವೆಂದು ವಾಪಸ್ ಬರುವುದು ಟೆಂಪೋದಲ್ಲಿ.

ಸೋಮವಾರ ಉಪವಾಸ. ಈಶ್ವರನಿಗೂ ಆಯಿತು, ಹೊಟ್ಟೆಗೂ ಆಯಿತು. ಆ ದಿನ ಸಾಬೂದಾಣಿ ಖಿಚಡಿ, ಅದಕ್ಕೆ ಕೈತುಂಬ ಶೇಂಗಾ, ಖರ್ಜೂರ, ನಾಲ್ಕು ಬಾಳೆಹಣ್ಣು, ರಾತ್ರಿ ಕೆನೆಹಾಲು. ಉಳಿದ ಆರು ದಿನ ಮಾಮಾ ಇದಕ್ಕಿಂತ ಕಡಿಮೆ ತಿನ್ನುತ್ತಾರೆಂದು ಮಾಮಿಯ ಅನುಮಾನ.

ರೊಟ್ಟಿಯ ವಿಷಯದಲ್ಲಂತೂ ಅವರಿಗೆ ವಿಶ್ವಸಂಸ್ಥೆಯ ಬೆಂಬಲವಿದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ್ದು, ಅದರಲ್ಲಿ ಜೋಳವೂ ಇದ್ದದ್ದು ಮಾಮಾರಿಗೆ ಹೇಗೋ ಗೊತ್ತಾಯಿತು. ಮೂರಿದ್ದ ರೊಟ್ಟಿ ಐದಾದವು. ವರ್ಷ ಮುಗಿದರೂ ರೊಟ್ಟಿ ಇಳಿಯಲಿಲ್ಲ. ರೊಟ್ಟಿ ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಅದರ ಮೇಲೆ ಕೂತು ಬರುವ ಬೆಣ್ಣೆಯನ್ನೂ ಶೇಂಗಾ ಚಟ್ನಿ ನೆನೆಯುವಷ್ಟು ಎಣ್ಣೆಯನ್ನೂ ವಿಶ್ವಸಂಸ್ಥೆ ಶಿಫಾರಸು ಮಾಡಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ.

ಇನ್ನು ಕರದಂಟು. ಸಕ್ಕರೆ ಬಿಟ್ಟ ಮಾಮಾ ಕರದಂಟು ಬಿಟ್ಟಿಲ್ಲ. “ಅದರಾಗ ಸಕ್ಕರಿ ಎಲ್ಲೈತ್ರಿ? ಬೆಲ್ಲ. ಮತ್ತ ಎಲ್ಲಾ ಡ್ರೈಫ್ರೂಟ್” ಎನ್ನುತ್ತಾರೆ. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ, ಸಕ್ಕರೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಒಣಕೊಬ್ಬರಿಯದು 650 ದಾಟುತ್ತದೆ. ಅಂಟನ್ನು ತುಪ್ಪದಲ್ಲಿ ಕರಿದದ್ದರ ಲೆಕ್ಕ ಬೇರೆ. ನಮ್ಮ ಹಿರಿಯರು ಅದನ್ನು ಬಾಣಂತಿಗೆ ಕೊಟ್ಟರು, ಗರಡಿಮನೆಯಲ್ಲಿ ಬೆವರು ಸುರಿಸುವ ಪೈಲ್ವಾನನಿಗೆ ಕೊಟ್ಟರು. ಮಾಮಾ ಇವೆರಡೂ ಅಲ್ಲ. ಆದರೆ ಪರಊರಿನಿಂದ ಬಂದವರಿಗೆ ಗೋಕಾಕದ ಕರದಂಟು ಕೊಡದೆ ಕಳಿಸಿದರೆ ಊರಿನ ಮಾನ ಉಳಿಯುವುದಿಲ್ಲ. ಕೊಡುವ ಮೊದಲು ಕಮಟಾಗಿದೆಯೇ ಎಂದು ರುಚಿ ನೋಡದಿದ್ದರೆ ಮಾಮಾರ ಮಾನ ಉಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ವರ್ಷ ಮಾಮಾ ನಿಜವಾಗಿ ಸಣ್ಣಗಾದರು. ನಗಬೇಡಿ, ಆದರು. ಯಾರೋ ಸ್ನೇಹಿತನಿಗೆ ಬೈಪಾಸ್ ಆದದ್ದು ಕೇಳಿ ಮಿರ್ಚಿ ಬಿಟ್ಟರು, ವಾಪಸ್ಸೂ ನಡೆದೇ ಬಂದರು, ರಾತ್ರಿ ಒಂದೇ ರೊಟ್ಟಿಗೆ ನಿಂತರು. ಏಳು ತಿಂಗಳಲ್ಲಿ 83 ಕಿಲೋ. ಮಾಮಾರ ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿಂದ.

ನಮ್ಮ ಸೀಮೆಯಲ್ಲಿ ಮನುಷ್ಯ ದಪ್ಪಗಾದರೆ ಯಾರೂ ಕೇಳುವುದಿಲ್ಲ; ಸೊರಗಿದರೆ ಪಂಚನಾಮೆ ಆಗುತ್ತದೆ. “ಯಾಕ್ರಿ, ಆರಾಮ ಇಲ್ಲೇನ್ರಿ?” ಅಂತ ಮೊದಲು ಕೇಳಿದವನು ಕಟಿಂಗ್ ಅಂಗಡಿಯವನು. ಸಂಜೆಗೆ “ಮಾಮಾಗ ಶುಗರ್ ಬಂದೈತಂತ” ಆಯಿತು. ಮರುದಿನ ಸೊಸೈಟಿಯಲ್ಲಿ ಕುಳಿತವರು ಸಾಲ ವಿಪರೀತ ಆಗಿದೆ ಎಂದರು. ಗೊಬ್ಬರ ಉದ್ರಿ ಕೊಡುವ ಏಜೆನ್ಸಿಯವನು ಎಂದೂ ಇಲ್ಲದವನು ಮನೆಗೆ ಬಂದು ಕುಶಲ ವಿಚಾರಿಸಿ, ಹಿಂದಿನ ಬಾಕಿಯ ನೆನಪನ್ನೂ ಮಾಡಿ ಹೋದ. ಮಗನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಮಧ್ಯಸ್ಥಗಾರನ ಕಿವಿಯಲ್ಲಿ, “ತಂದೀಗಿ ಏನರ ದೊಡ್ಡ ಬ್ಯಾನಿ ಐತೇನು ನೋಡ್ರಿ” ಅಂದರಂತೆ. ಹನ್ನೊಂದು ಕಿಲೋ ತೂಕ ಕಳೆದುಕೊಂಡಿದ್ದಕ್ಕೆ ಇಡೀ ಊರಿನಲ್ಲಿ ಸಂತೋಷಪಟ್ಟ ಏಕೈಕ ವ್ಯಕ್ತಿ ದರ್ಜಿ. ಎಲ್ಲ ಪ್ಯಾಂಟೂ ಅವನ ಕೈಗೆ ಬಂದವು.

ನಾಗರ ಪಂಚಮಿಗೆ ಮೂಡಲಗಿಗೆ ಹೋದರು. ಅತ್ತೆ ಅಳಿಯನನ್ನು ಬಾಗಿಲಲ್ಲೇ ನೋಡಿ ಕಣ್ಣಿಗೆ ಸೆರಗು ಹಚ್ಚಿದರು, ಮಗಳ ಕಡೆ ತಿರುಗಿ “ಏನ ಮಾಡಿಟ್ಟೀಯ ಅವರನ್ನ?” ಅಂದರು. ಆ ಒಂದು ಮಾತಿಗೆ ಮಾಮಿ ಪಕ್ಷಾಂತರ ಮಾಡಿದರು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು ಎಲ್ಲವೂ ಹಿತ್ತಾಳೆಯ ತಟ್ಟೆಯಲ್ಲಿ ಬಂದವು, ಪ್ರತಿಯೊಂದಕ್ಕೂ “ಇದೊಂದ” ಎಂಬ ವಿಶೇಷಣ.

ಅಲ್ಲಿಂದ ಹುಕ್ಕೇರಿಯ ಬೀಗರ ಮನೆ. ಅತ್ತೆಯ ಮನೆಯಲ್ಲಿ ಒಲ್ಲೆ ಅನ್ನಬಹುದು, ಬೀಗರ ಮನೆಯಲ್ಲಿ ಅನ್ನಲಾಗದು. ಮಗಳ ಸಂಸಾರ ಅಲ್ಲಿದೆ. ನಮ್ಮ ಕಡೆ ಪಂಕ್ತಿಯಲ್ಲಿ ಮೊದಲ “ಸಾಕು” ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದಕ್ಕೆ ಬಡಿಸುವವರು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಾಗಿರುತ್ತದೆ. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತಾರೆ. ಎಷ್ಟು ಉಂಡರೂ ಬೀಗತಿ, “ಬೀಗರು ಏನೂ ಉಣಲಿಲ್ಲ, ನಮ್ಮ ಅಡಿಗಿ ಸೇರಲಿಲ್ಲೇನೋ” ಅಂತಲೇ ಕಳಿಸುವುದು. ಬರುವಾಗ ಮಾಮಾರ ಚೀಲದಲ್ಲಿ ಎರಡು ಡಬ್ಬಿ ಚಕ್ಕಲಿ ಇದ್ದವು.

ಆರು ತಿಂಗಳಲ್ಲಿ 90. ಮಾಮಾ ಅಳುಮೋರೆ ಮಾಡಿಕೊಂಡು ಡಾಕ್ಟರ ಬಳಿ ಹೋದರು. ಅವರು ಬೈಯಲಿಲ್ಲ. ದೇಹ ಅನ್ನುವುದು ಎಪ್ಪತ್ತೆರಡರ ಬರ ಕಂಡ ಅಜ್ಜಿ ಇದ್ದಂತೆ, ಹಗೇವಿನ ಜೋಳ ಒಂದಿಷ್ಟು ತಳಕ್ಕಿಳಿದರೂ ಗಾಬರಿಯಾಗಿ ಮನೆಮಂದಿಯ ಕೈ ಹಿಡಿಯುತ್ತದೆ ಎಂದು ವಿವರಿಸಿದರು. ತೂಕ ಇಳಿದಾಗ ಹಸಿವಿನ ಹಾರ್ಮೋನು ಹೆಚ್ಚುತ್ತದೆ, ತೃಪ್ತಿಯದು ಕುಗ್ಗುತ್ತದೆ, ಸುಮ್ಮನೆ ಕುಳಿತಾಗ ಉರಿಯುವ ಕ್ಯಾಲೊರಿಗೂ ಕಡಿತ ಬೀಳುತ್ತದೆ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಪಂದ್ಯ ಆಡಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ಸಂಶೋಧಕರು 2016ರಲ್ಲಿ ವರದಿ ಪ್ರಕಟಿಸಿದರು: 13 ಮಂದಿಯ ತೂಕ ಮತ್ತೆ ಏರಿತ್ತು, ದೇಹದ ಒಲೆ ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆ ಉರಿಯುತ್ತಿತ್ತು. ಮಾಮಾರಿಗೆ ಹೋದ ಜೀವ ಬಂತು. “ಹಂಗಾರ ತಪ್ಪು ನಂದಲ್ಲ!” ಅಂದರು. ಅಂದು ಸಂಜೆ ಸಂತೋಷಕ್ಕೆ ಮಿರ್ಚಿ ಆಯಿತು.

ಇಳಿದ ತೂಕವನ್ನು ಹಾಗೇ ಉಳಿಸಿಕೊಂಡವರೂ ಇದ್ದಾರೆ ಎಂದು ಡಾಕ್ಟರು ಮುಂದುವರಿಸಿದ್ದು ಪೂರ್ತಿ ಕೇಳಿಸಲಿಲ್ಲವೇನೋ. ಅಮೆರಿಕದಲ್ಲಿ 1994ರಿಂದ ಅಂಥವರ ಪಟ್ಟಿಯನ್ನೇ ಇಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಾ ಒಂದು ಗಂಟೆಯಷ್ಟು ದೇಹ ದಂಡಿಸುತ್ತಾರೆ, ವಾರಕ್ಕೊಮ್ಮೆಯಾದರೂ ಯಂತ್ರ ಹತ್ತುತ್ತಾರೆ. ಮಾಮಾ ಒಂದೇ ಮಾತಿನಲ್ಲಿ ಆ ಪಟ್ಟಿಯನ್ನು ತಳ್ಳಿಹಾಕಿದರು: “ಅವ್ರಿಗೆ ಬೀಗರಿಲ್ರಿ.”

ಅಳಿಯ ಹೊಸ ಇಂಜೆಕ್ಷನ್ನಿನ ಸುದ್ದಿ ತಂದ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶದ ಪೇಟೆಗೆ ಬಂದವು. ಹಸಿವನ್ನೇ ಅಡಗಿಸುತ್ತವೆ, ತೂಕವೂ ಚೆನ್ನಾಗಿ ಇಳಿಯುತ್ತದೆ. ಆದರೆ ವೆಗೋವಿಯ ಮದ್ದನ್ನು ನಿಲ್ಲಿಸಿದವರಲ್ಲಿ ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂದದ್ದು 2022ರಲ್ಲೇ ವರದಿಯಾಗಿತ್ತು. “ರೊಕ್ಕಾ ಕೊಟ್ಟ ಯಾಕ ವಾಪಸ್ ತರಿಸೂದು? ನಾ ಪುಕ್ಕಟೆ ತರತೇನಿ” ಎಂದು ಮಾಮಾ ಮಾತು ಮುಗಿಸಿದರು.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಧರಣಿ ಕುಳಿತಿದ್ದಾಗ ಮಾಮಾರೂ ಕುಳಿತರು. ಟನ್ನಿಗೆ 3,500 ಕೇಳಿದ್ದರು, ಸರ್ಕಾರ 3,300ಕ್ಕೆ ಮುಗಿಸಿತು. ಮನೆಗೆ ಬಂದವರೇ ಮಾಮಾ ತಮ್ಮ ಗುರಿಯನ್ನು 75ರಿಂದ 85ಕ್ಕೆ ತಿದ್ದಿ ಬರೆದರು. ಚೌಕಾಸಿ ಎಂದರೆ ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಡಬೇಕಂತೆ. ಹೊಟ್ಟೆ ತನ್ನ ಕಡೆಯಿಂದ ಇನ್ನೂ ಏನೂ ಬಿಟ್ಟುಕೊಟ್ಟಿಲ್ಲ.

ಈಗ ಓಣಿಯಲ್ಲಿ ಎಲ್ಲರಿಗೂ ನೆಮ್ಮದಿ. “ಮೊದಲಿನಂಗ ಕಾಣಾಕ ಹತ್ತೀರಿ ನೋಡ್ರಿ” ಎನ್ನುತ್ತಾರೆ. ಮಗನ ಮದುವೆಯೂ ಗಟ್ಟಿಯಾಗಿದೆ. ಅದು ಮುಗಿದ ಮರುದಿನದಿಂದ ಮಾಮಾ ಮತ್ತೆ ಶುರು ಮಾಡುವವರಿದ್ದಾರೆ, ಈ ಸಲ ಛಲ ಹಿಡಿದಿರುವಂತೆ ಕಾಣುತ್ತದೆ. ಆದ್ದರಿಂದ ನಿಮ್ಮಲ್ಲೊಂದು ವಿನಂತಿ. ಮೂರು ನಾಲ್ಕು ತಿಂಗಳು ಬಿಟ್ಟು, ಸ್ವಲ್ಪ ಸಡಿಲಾದ ಅಂಗಿಯಲ್ಲಿ ಅವರು ಎದುರಾದರೆ ಆರಾಮ ಇಲ್ಲೇನು ಎಂದು ಕೇಳಬೇಡಿ. ಚಹಾ ಕುಡಿಸಿ. ಸಕ್ಕರೆ ಬೇಡ ಅಂದರೆ ಒಂದೇ ಸಲಕ್ಕೆ ನಂಬಿ.