ವಿಷಾದ ವ್ಯಕ್ತಪಡಿಸಲಾಗಿದೆ

ಸಿಡುಬು, ಪೋಲಿಯೊ ಆದ ಮೇಲೆ ನಮ್ಮಲ್ಲಿ ನಿರ್ಮೂಲನೆಯ ಹಂತಕ್ಕೆ ಬಂದಿರುವ ಕಾಯಿಲೆ ಎಂದರೆ ಪಶ್ಚಾತ್ತಾಪ. ಮೊದಲೆಲ್ಲ ಅದು ತಗುಲಿದವರಿಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಈಗ ಲಸಿಕೆ ಬಂದಿದೆ. 'ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.' ಆ 'ದ್ದರೆ' ಇದೆಯಲ್ಲ, ಮದ್ದಿನ ಸತ್ವವೆಲ್ಲ ಅದರಲ್ಲೇ. ನೋವಾಗಿಲ್ಲ ಅಂದಿರೋ, ವಿಷಾದ ವಾಪಸ್ಸು. ಬೆಳಿಗ್ಗೆ ಮೈಕಿನ ಮುಂದೆ ನಾಲಿಗೆ ಹರಿಬಿಟ್ಟವರು ಸಂಜೆ ಇದನ್ನು ಚುಚ್ಚಿಸಿಕೊಂಡು, ರಾತ್ರಿ ಗಡದ್ದಾಗಿ ಉಂಡು ಮಲಗುತ್ತಾರೆ. ರೈಲು ನಿಲ್ದಾಣದ ಧ್ವನಿವರ್ಧಕವೇ ವಾಸಿ. ಎಷ್ಟು ಗಂಟೆ ತಡ ಎಂಬುದನ್ನಾದರೂ ಹೇಳಿ ವಿಷಾದಿಸುತ್ತದೆ.

ಹೀಗೆ ಲೆಕ್ಕ ಕೊಟ್ಟು ಮರುಗುವ ಕೆಟ್ಟ ಚಾಳಿ ಅಶೋಕನಿಗಿತ್ತು. ಕಳಿಂಗ ಗೆದ್ದವನು ತೆಪ್ಪಗೆ ವಿಜಯೋತ್ಸವ ಮಾಡಬಹುದಿತ್ತು. ಅದು ಬಿಟ್ಟು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು, ಎಲ್ಲವನ್ನೂ 13ನೆಯ ಶಿಲಾಶಾಸನದಲ್ಲಿ ಕೆತ್ತಿಸಿದ. ವಿರೋಧ ಪಕ್ಷ ರಾಜೀನಾಮೆ ಕೇಳಿರಲಿಲ್ಲ, ಚಾನೆಲ್ಲುಗಳು ಕೂಗಿರಲಿಲ್ಲ. ಇಂದಿನ ಸಲಹೆಗಾರ ಪಕ್ಕದಲ್ಲಿದ್ದಿದ್ದರೆ, 'ಪ್ರಭುಗಳೇ, ಅಂಕಿ ಅಂಶ ಬೇಡ, ಕೆಲವು ಅಹಿತಕರ ಘಟನೆ ಅಂತ ಹಾಕ್ಸೋಣ' ಎನ್ನುತ್ತಿದ್ದ. ಸಾಲದ್ದಕ್ಕೆ ಅಲ್ಲಿ ಸ್ವಂತ ಹೆಸರೂ ಇಲ್ಲ, ಬರೀ ದೇವಾನಾಂಪ್ರಿಯ. ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಹೆಸರಿರುವ ಬಂಡೆ ಸಿಕ್ಕ ಮೇಲೆಯೇ ಆತ ಅಶೋಕನೆಂಬುದು ಖಚಿತವಾದದ್ದು. ಬಸ್ ತಂಗುದಾಣಕ್ಕೂ ಹೆಸರು ಬರೆಸುವವರು ಗಮನಿಸಬೇಕು.

ಆ ಲೆಕ್ಕ ಚುಚ್ಚಿತು. ಆಮೇಲೆ ಆತ ಅಂಥ ಇನ್ನೊಂದು ಯುದ್ಧ ಮಾಡಿದ ದಾಖಲೆ ಇಲ್ಲ. ನಮ್ಮವರಿಗೆ ಚುಚ್ಚುವುದು ಲಸಿಕೆಯ ಸೂಜಿ ಮಾತ್ರ. ಮುಂದಿನ ವಾರ ಅದೇ ಮೈಕು, ಅದೇ ನಾಲಿಗೆ.

ಹಾಗಂತ ಅಶೋಕನನ್ನು ತೀರಾ ತಲೆಯ ಮೇಲೆ ಹೊರುವುದೂ ಬೇಡ. ಮರುಗಿದರೂ ದಂಡಿಸುವ ಶಕ್ತಿ ತನಗಿನ್ನೂ ಇದೆ ಎಂದು ಕಾಡಿನ ಜನರಿಗೆ ಅದೇ ಶಾಸನದಲ್ಲಿ ಎಚ್ಚರಿಕೆ ಕೊಡುತ್ತಾನೆ. ಒಂದು ಕಣ್ಣಲ್ಲಿ ನೀರು, ಇನ್ನೊಂದು ಕಣ್ಣು ಕಾಡಿನ ಮೇಲೆ! ಇನ್ನೂ ಒಂದು ಮಾತಿದೆ. ಈ ಶಾಸನ ದೂರದ ಗಿರ್ನಾರಿನಲ್ಲಿದೆ, ಅದಕ್ಕೂ ದೂರದ ಶಹಬಾಜ್‌ಗಢಿಯಲ್ಲಿದೆ. ಕಳಿಂಗದೊಳಗೇ ಇರುವ ಧೌಲಿ, ಜೌಗಡದ ಬಂಡೆಗಳ ಮೇಲೆ, ಸತ್ತವರ ಮಕ್ಕಳ ಕಣ್ಣಿಗೆ ಬೀಳುವಲ್ಲಿ, ಅದನ್ನು ಕೆತ್ತಿಸಿಲ್ಲ.