ಐದಕ್ಕೆ ಐದು, ಗೇಮ್ ಓಪನ್ ಆಗಿಲ್ಲ

‘ಸೂಪರ್ ಗೇಮ್. ಇನ್ನೂ ಓಪನ್ ಆಗ್ತಿಲ್ಲ. ಐದು ಸ್ಟಾರ್.’ ಪ್ಲೇ ಸ್ಟೋರಿನಲ್ಲಿ ಈ ಧಾಟಿಯ ವಿಮರ್ಶೆ ಕಾಣದವರು ಯಾರಾದರೂ ಇದ್ದರೆ ಅವರು ಪುಣ್ಯವಂತರು.

ಓಪನ್ನೇ ಆಗದ ಆಟಕ್ಕೆ ಪೂರ್ಣ ಅಂಕ. ಅದರ ಕೆಳಗೆ ಇನ್ನೊಬ್ಬ ಮಹಾಶಯ ಒಂದು ಸ್ಟಾರ್ ಬಿಸಾಕಿದ್ದಾನೆ. ಆಟ ಕೆಟ್ಟದ್ದು ಅಂತಲ್ಲ. ಅವನ ಡೇಟಾ ಪ್ಯಾಕ್ ಮುಗಿದಿತ್ತು. ಅಂಗಡಿ ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸುತ್ತದೆ. ಬಂತು ನೋಡಿ, ಮೂರು. ಆ ಮೂರನ್ನು ನಂಬಿ ನಾವು ಒಂದೂವರೆ ಜಿಬಿ ಇಳಿಸಿಕೊಳ್ಳಬೇಕು.

ಫೌಜಿ ಆಟ ನೆನಪಿದೆಯೇ? 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಗೆ ಬೀಗ ಜಡಿಯಿತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ಹೊಸ ಆಟದ ಪೋಸ್ಟರ್ ಹಿಡಿದು ಬಂದರು. ತಯಾರಿಸಿದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ. 20ರಷ್ಟು ‘ಭಾರತ್ ಕೆ ವೀರ್’ ನಿಧಿಗೆ ಎಂದರು. ಮುಂಗಡ ನೋಂದಣಿ ತೆರೆದ ಒಂದೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಆಟವನ್ನು ಯಾರೂ ಆಡಿರಲಿಲ್ಲ. ಆಡಿ ನೋಡುವ ಅಗತ್ಯ ಯಾರಿಗಿತ್ತು?

2021ರ ಜನವರಿ 26. ಗಣರಾಜ್ಯೋತ್ಸವ. ಆಟ ಬಂತು, ಸ್ಟಾರುಗಳ ಸುರಿಮಳೆಯಾಯಿತು. ಸರಾಸರಿ ನಾಲ್ಕು ದಾಟಿತು. ಆಮೇಲೆ ಜನ ಆಡಲು ಕೂತರು. ಗಲ್ವಾನ್ ಕಣಿವೆ. ಸೈನಿಕ ಒಬ್ಬನೇ. ಕೈಯಲ್ಲಿ ಬಂದೂಕಿಲ್ಲ, ಗುದ್ದಬೇಕು, ಬಡಿಯಬೇಕು. ಗೆಳೆಯರ ಜೊತೆ ಆಡುವ ಸೌಲಭ್ಯ ‘ಶೀಘ್ರದಲ್ಲೇ’. ಸರಾಸರಿ ಜಾರುತ್ತಾ ಬಂದು ಮೂರರ ಹತ್ತಿರ ಕೂತಿತು.

ಐದು ಕೊಟ್ಟವನು ದೇಶಕ್ಕೆ ಕೊಟ್ಟ. ಒಂದು ಕೊಟ್ಟವನು ಪಬ್‌ಜಿ ಹೋದ ಸಿಟ್ಟಿಗೆ ಕೊಟ್ಟ. ಆಟಕ್ಕೆ ಕೊಟ್ಟವನು ಎಲ್ಲಿ? ಹೊಡೆತಗಳು ಬೆರಳಿಗೆ ಸರಿಯಾಗಿ ಸಿಗುತ್ತವೆಯೇ, ಕಥೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಒಂದೇ ಬಡಿದಾಟ ಎಷ್ಟು ಸಲ ಎಂದು ಬರೆದವನು ಜೈಕಾರ ಧಿಕ್ಕಾರಗಳ ನಡುವೆ ಅಪ್ಪಚ್ಚಿಯಾದ. ‘ಸಾಧಾರಣ ಆಟ’ ಎಂಬ ಎರಡು ಪದ ಬರೆಯಲು ಎದೆಗಾರಿಕೆ ಬೇಕಿತ್ತು. ಬರೆದರೆ ಒಬ್ಬರಿಗೆ ದೇಶದ್ರೋಹಿ, ಇನ್ನೊಬ್ಬರಿಗೆ ಚಮಚ.

ನಮ್ಮ ಸ್ಟಾರ್ ಪೌರುಷ ಹೊಸದೇನಲ್ಲ. 2015ರ ನವೆಂಬರ್‌ನಲ್ಲಿ ಆಮಿರ್ ಖಾನ್ ಅಸಹಿಷ್ಣುತೆಯ ಬಗ್ಗೆ ಮಾತಾಡಿದರು. ಅವರು ಸ್ನ್ಯಾಪ್‌ಡೀಲ್ ರಾಯಭಾರಿ. ಒಂದು ಸ್ಟಾರಿನ ಏಟು ಆ ಆ್ಯಪಿಗೆ. 2017ರಲ್ಲಿ ಸ್ನ್ಯಾಪ್‌ಚಾಟ್ ಮುಖ್ಯಸ್ಥ ಭಾರತವನ್ನು ಬಡ ದೇಶ ಎಂದರಂತೆ. ಕಂಪನಿ ಅಲ್ಲಗಳೆಯಿತು, ಯಾರು ಕೇಳುತ್ತಾರೆ? ಏಟು ಸ್ನ್ಯಾಪ್‌ಚಾಟ್‌ಗೂ ಬಿತ್ತು, ಏನೂ ಅರಿಯದ ಸ್ನ್ಯಾಪ್‌ಡೀಲ್‌ಗೂ ಬಿತ್ತು. ಅರ್ಧ ಹೆಸರು ಒಂದೇ ಇತ್ತಲ್ಲ, ಸಾಕು. ಹೆಸರನ್ನೇ ಪೂರ್ತಿ ಓದದ ಜನ ಆಟ ಪೂರ್ತಿ ಆಡಿ ಅಂಕ ಹಾಕುತ್ತಾರೆಂದು ನಂಬಿದ್ದೀರಾ?

ಜನ ಬಿಡಿ, ಪಂಡಿತರಿದ್ದಾರಲ್ಲ ಎನ್ನಬೇಡಿ. 2007ರಲ್ಲಿ ಅಮೆರಿಕದ ಗೇಮ್‌ಸ್ಪಾಟ್‌ನಲ್ಲಿ ಜೆಫ್ ಗರ್ಸ್ಟ್‌ಮನ್ ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ ಹತ್ತಕ್ಕೆ ಆರು ಕೊಟ್ಟರು. ಆ ಹೊತ್ತಿಗೆ ಅದೇ ಆಟದ ಜಾಹೀರಾತು ಅದೇ ತಾಣದ ಮೈತುಂಬ ಇತ್ತು. ನವೆಂಬರ್ ಮುಗಿಯುವಷ್ಟರಲ್ಲಿ ಅವರ ಕೆಲಸ ಹೋಯಿತು. ಹಿಂದೆ ಜಾಹೀರಾತಿನ ಒತ್ತಡವಿತ್ತು ಎಂದು ಅವರು ಬಾಯಿಬಿಡಲು 2012 ಬರಬೇಕಾಯಿತು. ಶೇ. 60 ಅಂದರೆ ನಮ್ಮಲ್ಲಿ ಫಸ್ಟ್ ಕ್ಲಾಸ್. ಅಲ್ಲಿ ಮನೆಯ ದಾರಿ.

ಅಂದಿನಿಂದ ಇಂದಿನವರೆಗೆ ಹತ್ತರ ಲೆಕ್ಕದಲ್ಲಿ ಕೆಳಗಿನ ಐದು ಅಂಕಗಳಿಗೆ ಕೆಲಸವೇ ಇಲ್ಲ. ಏಳು ಬಂದರೆ ತಯಾರಕ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ‘ಫಾಲೌಟ್: ನ್ಯೂ ವೆಗಾಸ್’ ಮಾಡಿದ ಅಬ್ಸಿಡಿಯನ್ ಕಂಪನಿಗೆ, ವಿಮರ್ಶಕರ ಅಂಕಗಳ ಸರಾಸರಿ ಹಾಕುವ ಮೆಟಾಕ್ರಿಟಿಕ್ ತಾಣದಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಖೋತಾ. ಆ ಸರಾಸರಿ ಹಾಕುವಾಗ ಯಾವ ಪತ್ರಿಕೆಯ ಅಂಕಕ್ಕೆ ಎಷ್ಟು ತೂಕ ಎಂದು ಮೆಟಾಕ್ರಿಟಿಕ್ ಹೇಳುವುದಿಲ್ಲ. ಅದು ಗುಟ್ಟು. ಕೆಲಸಗಾರನ ಬೋನಸ್ಸು ಗುಟ್ಟಿನ ತಕ್ಕಡಿಯಲ್ಲಿ!

2020ರ ಡಿಸೆಂಬರ್‌ನ ‘ಸೈಬರ್‌ಪಂಕ್ 2077’ ಇನ್ನೂ ಚಂದ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಅಂಕ ತೊಂಬತ್ತರ ಆಸುಪಾಸು. ಹಳೆಯ ಪ್ಲೇಸ್ಟೇಷನ್ 4 ಇದ್ದವರು ಅದನ್ನು ನಂಬಿ ಕೊಂಡರು. ಆಟ ಮುಗ್ಗರಿಸಿತು, ನಿಂತಿತು, ಮಧ್ಯದಲ್ಲೇ ಹಾರಿಹೋಯಿತು. ವಾರಕ್ಕೆಲ್ಲ ಸೋನಿ ಅದನ್ನು ತನ್ನ ಅಂಗಡಿಯಿಂದ ಕಿತ್ತು, ದುಡ್ಡು ವಾಪಸ್ ಎಂದಿತು. ತೊಂಬತ್ತು ಸುಳ್ಳಲ್ಲ ಸ್ವಾಮಿ. ಅದು ಬೇರೆಯವರ ಯಂತ್ರದ ತೊಂಬತ್ತು.

ಆಂಧ್ರದ ನಮ್ಮ ಬೆಳುಗುಪ್ಪದಲ್ಲಿ ಕಡಲೆಕಾಯಿ ಕೊಳ್ಳಲು ಬರುವ ವ್ಯಾಪಾರಿ ಮೂಟೆಯ ಬಾಯಲ್ಲಿ ಕಾಣುವ ಕಾಯಿ ನೋಡಿ ರೇಟು ಹೇಳುವುದಿಲ್ಲ. ತಳದವರೆಗೆ ಕೈ ಹಾಕುತ್ತಾನೆ. ಒಂದು ಹಿಡಿ ತೆಗೆದು ಸುಲಿಯುತ್ತಾನೆ. ಬೀಜ ಎಷ್ಟು, ಜೊಳ್ಳು ಎಷ್ಟು ನೋಡುತ್ತಾನೆ. ಆಮೇಲೆ ಬಾಯಿ ಬಿಡುತ್ತಾನೆ. ಅವನನ್ನು ಯಾರೂ ವಿಮರ್ಶಕ ಎಂದು ಕರೆಯುವುದಿಲ್ಲ.

ಇಲ್ಲಿನ ಹುಡುಗರು ಆಡುವುದನ್ನು ಬಂದು ನೋಡಿ. ಮೂರು ಜಿಬಿ ರ‍್ಯಾಮಿನ ಫೋನು. ಗಾಜಿನ ಮೂಲೆ ಒಡೆದಿದೆ, ಮೇಲೆ ಟೇಪು. ಗ್ರಾಫಿಕ್ಸನ್ನು ಕಟ್ಟಕಡೆಗೆ ಇಳಿಸಿದ್ದಾರೆ. ಹುಲ್ಲು ಕಾಣದಿದ್ದರೂ ಚಿಂತೆಯಿಲ್ಲ, ಶತ್ರು ಕಂಡರೆ ಸಾಕು. ಸ್ವಲ್ಪ ಹೊತ್ತಿಗೆ ಫೋನಿನ ಬೆನ್ನು ಮುಟ್ಟಲಾಗದಷ್ಟು ಬಿಸಿ. ಕೊನೆಯ ಸುತ್ತಿನಲ್ಲಿ ಪಿಂಗ್ ಕೆಂಪಾಗುತ್ತದೆ. ‘ಅಣ್ಣಾ, ಲ್ಯಾಗು’ ಎನ್ನುವಷ್ಟರಲ್ಲಿ ಹುಡುಗ ಸತ್ತಿದ್ದಾನೆ. ‘ಚೂರೂ ಹ್ಯಾಂಗ್ ಆಗಲ್ಲ’ ಎಂದು ಯೂಟ್ಯೂಬಿನಲ್ಲಿ ಪ್ರಮಾಣ ಮಾಡಿದವನ ಕೈಯಲ್ಲಿದ್ದದ್ದು ಲಕ್ಷ ರೂಪಾಯಿಯ ಫೋನು. ಕೋಣೆಯಲ್ಲಿ ಎಸಿ.

ಆ ಮಹಾನುಭಾವನ ವಿಮರ್ಶೆಯ ನಡುವೆ ರಮ್ಮಿಯ ಜಾಹೀರಾತು ಬೇರೆ. ಆಂಧ್ರ 2020ರಲ್ಲೇ ಆನ್‌ಲೈನ್ ರಮ್ಮಿ ನಿಷೇಧಿಸಿತು. ಪಕ್ಕದ ಕರ್ನಾಟಕದ ನಿಷೇಧವನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೊಡೆದುಹಾಕಿತು. ಬೆಳುಗುಪ್ಪದ ಹುಡುಗ ನೋಡುವುದು ಬೆಂಗಳೂರಿನ ಚಾನೆಲ್. ಇಲ್ಲಿ ಅಪರಾಧ, ಅಲ್ಲಿ ಪ್ರಾಯೋಜಕ. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದು ದುಡ್ಡಿನಾಟಕ್ಕೆ ಕತ್ತರಿ ಹಾಕುವವರೆಗೂ ಈ ಸಮನ್ವಯ ಸಾಂಗವಾಗಿ ನಡೆಯಿತು.

ಇನ್ನು ಆಟವೇ ಕೈಚಾಚುವ ಪರಿ ನೋಡಿ. ಗೆದ್ದ ಮರುಕ್ಷಣ ಪೆಟ್ಟಿಗೆಯೊಂದು ಮೇಲೇಳುತ್ತದೆ: ಐದು ಸ್ಟಾರ್ ಕೊಡಿ, ಕಾಯಿನ್ ತಗೊಳ್ಳಿ. ಸೋತಾಗ ಅದು ಕೇಳುವುದೇ ಇಲ್ಲ. ಓಟಿಗೆ ನೋಟು ಹಂಚಿದರೆ ಬೈಯುವ ನಾವು ಇಲ್ಲಿ ಕಾಯಿನ್ ಜೇಬಿಗಿಳಿಸಿ ಒತ್ತುತ್ತೇವೆ.

ನ್ಯಾಯವಾಗಿ ಅಂಕ ಹಾಕುವುದೇನು ಬ್ರಹ್ಮವಿದ್ಯೆಯೇ? ಯಾವ ಫೋನಿನಲ್ಲಿ ಆಡಿದೆ, ಹೇಳು. ಎಷ್ಟು ಗಂಟೆ? ಮುಗಿಸಿದೆಯಾ? ಕೊಂಡೆಯಾ, ಕಂಪನಿ ಪುಕ್ಕಟೆ ಕೊಟ್ಟಿತಾ? ಡೈಮಂಡ್ ಟಾಪ್‌ಅಪ್ ಮಾಡಿಸದೆ ಎಲ್ಲಿಯವರೆಗೆ ಹೋಗಬಹುದು? ಅಪ್‌ಡೇಟ್ ಬಂದು ಆಟವೇ ಬದಲಾದ ಮೇಲೆ ನಿನ್ನ ಹಳೆಯ ಅಂಕ ಬದಲಾಯಿತಾ? ಇಷ್ಟು ಹೇಳಿದರೆ ಆಮೇಲೆ ಆರು ಕೊಡು, ಎಂಟು ಕೊಡು, ನಿನ್ನಿಷ್ಟ. ಸ್ಟೀಮ್ ಅಂಗಡಿ ಪ್ರತಿ ವಿಮರ್ಶೆಯ ಪಕ್ಕ ಆಡಿದ ಗಂಟೆ ತೋರಿಸುತ್ತದೆ. ‘ಕಸ’ ಎಂದು ಗುಡುಗಿದವನ ಪಕ್ಕದಲ್ಲಿ 0.2 ಗಂಟೆ ಎಂದಿದ್ದರೆ ಅವನ ಬಂಡವಾಳ ಬಯಲು.

‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕು. 2020ರ ಜೂನ್‌ನಲ್ಲಿ ಅದು ಬಂದ ದಿನವೇ ಸಾವಿರಾರು ಸೊನ್ನೆಗಳು ಬಿದ್ದವು. ಮರುತಿಂಗಳು ಮೆಟಾಕ್ರಿಟಿಕ್ ನಿಯಮ ತಂದಿತು: ಬಿಡುಗಡೆಯಾಗಿ 36 ಗಂಟೆ ಬಳಕೆದಾರರ ವಿಮರ್ಶೆ ಇಲ್ಲ. ಅಂಕ ಹಾಕುವ ಮುಂಚೆ ಆಡಿ ಎಂದು ಜನರಿಗೆ ಬಾಗಿಲು ಮುಚ್ಚಿ ಹೇಳಬೇಕಾಯಿತು.

ನಮ್ಮ ಸರ್ಕಾರವೂ ಸುಮ್ಮನೆ ಕೂತಿಲ್ಲ. ಆನ್‌ಲೈನ್ ವಿಮರ್ಶೆಗಳಿಗೆಂದೇ 2022ರ ನವೆಂಬರ್‌ನಲ್ಲಿ ಭಾರತೀಯ ಮಾನದಂಡ ಬಂತು: ಐಎಸ್ 19000:2022. ದುಡ್ಡು ಕೊಟ್ಟು ಬರೆಸಿದ ವಿಮರ್ಶೆ ಪ್ರಕಟಿಸುವಂತಿಲ್ಲ. ಬರೆದವನು ಯಾರೆಂದು ಪರಿಶೀಲಿಸಬೇಕು. ಓದುತ್ತಾ ಓದುತ್ತಾ ಕಣ್ಣು ತುಂಬಿ ಬರಬೇಕು, ಅಷ್ಟರಲ್ಲಿ ಇನ್ನೊಂದು ಸಾಲು: ಪಾಲನೆ ಸ್ವಯಂಪ್ರೇರಿತ. ಕದಿಯದೇ ಇರಲು ಕಳ್ಳನಿಗೆ ಅನುಮತಿ ಸಿಕ್ಕಿದೆ.